ಹಾಡಿನ ಪಕ್ಕದಲ್ಲಿ ನಿಂತವರು: ವಾಷಿಂಗ್ಟನ್ನಿನ ಸಂಗೀತ ಮತ್ತು ಅದರ ಚಿತ್ರಕಾರರು

ವಾಷಿಂಗ್ಟನ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕ್ಯಾಪಿಟಲ್ ಭವನದ ಗುಮ್ಮಟ ಮತ್ತು ವಸಂತದ ಚೆರ್ರಿ ಹೂ. ಈ ಊರಿಗೆ ತನ್ನದೇ ಆದ ಎರಡು ಸಂಗೀತಗಳಿವೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಒಂದು, 1970ರ ದಶಕದಲ್ಲಿ ಕರಿಯರ ಬಡಾವಣೆಗಳಲ್ಲಿ ಚಕ್ ಬ್ರೌನ್ ಬೆಳೆಸಿದ ಗೋ-ಗೋ. ಇದರಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವವರೆಗೂ ತಾಳವಾದ್ಯ ನಿಲ್ಲುವುದಿಲ್ಲ. ಡೊಳ್ಳು ಕುಣಿತದಲ್ಲಿ ಹೆಜ್ಜೆ ಬದಲಾದರೂ ಬಡಿತ ನಿಲ್ಲದ ಹಾಗೆ. ಇನ್ನೊಂದು, ಹದಿಹರೆಯದವರು ಕಟ್ಟಿದ ಅತಿವೇಗದ ಪಂಕ್. ನನ್ನ ಕುತೂಹಲ ಹಾಡಿದವರಿಗಿಂತ ಅವರ ಪಕ್ಕದಲ್ಲಿ ಕ್ಯಾಮೆರಾ, ಕುಂಚ ಹಿಡಿದು ನಿಂತವರ ಬಗ್ಗೆ.

1980ರ ಸುಮಾರಿಗೆ ಜಾರ್ಜ್‌ಟೌನಿನ ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿ ಇಯಾನ್ ಮೆಕೈ, ಹೆನ್ರಿ ರಾಲಿನ್ಸ್, ಸೂಸಿ ಜೋಸೆಫ್ಸನ್ ಎಂಬ ಎಳೆಯರು ಕೆಲಸಕ್ಕಿದ್ದರು. ಮೊದಲಿಬ್ಬರು ಹಾಡಿದರು, ಸೂಸಿ ಫೋಟೋ ತೆಗೆದರು. ಆ ವರ್ಷವೇ ಮೆಕೈ ಮತ್ತು ಗೆಳೆಯರು ಡಿಸ್ಕಾರ್ಡ್ ರೆಕಾರ್ಡ್ಸ್ ಆರಂಭಿಸಿದರು. ಟೀನ್ ಐಡಲ್ಸ್ ತಂಡದ ಮೊದಲ ರೆಕಾರ್ಡು ಅಚ್ಚಾದದ್ದು 1000 ಪ್ರತಿ. ಹೊದಿಕೆಯ ಕಾಗದ ಕತ್ತರಿಸಿ, ಮಡಿಚಿ, ಅಂಟು ಹಚ್ಚಿದ್ದೆಲ್ಲ ಈ ಹುಡುಗರೇ. ಆ ಹೊದಿಕೆಯ ಮೇಲೆ ಅಡ್ಡಡ್ಡವಾಗಿಟ್ಟ ಎರಡು ಮುಷ್ಟಿ, ಅವುಗಳ ಮೇಲೆ ದಪ್ಪ ಕಪ್ಪು ಎಕ್ಸ್ ಗುರುತು. ವಯಸ್ಸಿಗೆ ಬಾರದವರಿಗೆ ಮದ್ಯ ಕೊಡಬಾರದೆಂದು ಕ್ಲಬ್ಬಿನವರು ಕೈಗೆ ಹಾಕುತ್ತಿದ್ದ ಗುರುತು ಅದು. ಹುಡುಗರು ಅದನ್ನೇ ತಮ್ಮ ಲಾಂಛನ ಮಾಡಿಕೊಂಡರು. ಮದ್ಯ ಮುಟ್ಟದ ಪಂಕ್ ಹುಡುಗರು! ನಮ್ಮ ಮನೆಗಳ ಹಿರಿಯರು ಕೇಳಿದರೆ ನಂಬಲಾರರು.

ಸಿಂಥಿಯಾ ಕಾನಲಿ ಲಾಸ್ ಏಂಜಲೀಸಿನಿಂದ ಬಂದು ಇಲ್ಲಿನ ಕೋರ್ಕೊರನ್ ಕಲಾಶಾಲೆ ಸೇರಿದವರು. 1983ರಲ್ಲಿ ಮೈನರ್ ಥ್ರೆಟ್ ತಂಡದ ರೆಕಾರ್ಡಿಗೆ, ಬಿಳಿ ಕುರಿಗಳ ಹಿಂಡಿನಿಂದ ನೆಗೆದು ಓಡುವ ಕಪ್ಪು ಕುರಿಯೊಂದನ್ನು ಬರೆದುಕೊಟ್ಟರು. ಮಕ್ಕಳ ಪುಸ್ತಕದ ಚಿತ್ರದಷ್ಟು ಸರಳವಾದ ಅದು ಇಂದಿಗೂ ಟೀ ಶರ್ಟುಗಳ ಮೇಲಿದೆ. ಆದರೆ ಅವರ ದೊಡ್ಡ ಕೆಲಸ ಬೇರೆಯೇ ಎಂದು ನನ್ನ ಎಣಿಕೆ. ಇಬ್ಬರು ಗೆಳತಿಯರೊಡನೆ ಅಲ್ಲಿಲ್ಲಿ ಚದುರಿದ್ದ ಫೋಟೋ, ಝೆರಾಕ್ಸ್ ಕರಪತ್ರ, ನೆನಪುಗಳನ್ನು ಒಟ್ಟುಮಾಡಿ 1988ರಲ್ಲಿ 'ಬ್ಯಾನ್ಡ್ ಇನ್ ಡಿಸಿ' ಎಂಬ ಪುಸ್ತಕ ತಂದರು. ಗೆಳೆಯರಿನ್ನೂ ಊರಲ್ಲಿದ್ದಾಗಲೇ, ನೆನಪು ಹಸಿಯಾಗಿದ್ದಾಗಲೇ ಇದು ನಡೆಯಿತು.

ತಡವಾದರೆ ಏನಾಗುತ್ತದೆಂಬುದಕ್ಕೆ ಲೂಷಿಯನ್ ಪರ್ಕಿನ್ಸ್ ಉದಾಹರಣೆ. 1979ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ ಹೊಸದಾಗಿ ಸೇರಿದ್ದ ಅವರು, ವ್ಯಾಲಿ ಗ್ರೀನ್ ಎಂಬ ಸರ್ಕಾರಿ ವಸತಿ ಬಡಾವಣೆಯಲ್ಲಿ ಬ್ಯಾಡ್ ಬ್ರೇನ್ಸ್ ಎಂಬ ಕರಿಯರ ಪಂಕ್ ತಂಡ ನುಡಿಸುತ್ತಿದ್ದುದನ್ನು ಸೆರೆಹಿಡಿದರು. ಮುಂದೆ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಆ ನೆಗೆಟಿವ್‌ಗಳು ಮಾತ್ರ ಡಬ್ಬದಲ್ಲೇ ಉಳಿದಿದ್ದವು, ಪುಸ್ತಕವಾದದ್ದು 2013ರಲ್ಲಿ. ಚಿತ್ರಗಳಲ್ಲಿ ಇರುವವರು ಯಾರೆಂದು ಹೇಳಲು ಆ ಸಭೆಗಳಲ್ಲಿದ್ದ ಅಲೆಕ್ ಮೆಕೈ (ಇಯಾನರ ತಮ್ಮ) ಇದ್ದರು. ಅಂಥವರೊಬ್ಬರು ಸಿಗದಿದ್ದರೆ?

ಗೋ-ಗೋ ಕಥೆ ಬೇರೆ. ಅದರ ಮುಖ ಪೋಸ್ಟರು. ಬಾಲ್ಟಿಮೋರಿನ ಗ್ಲೋಬ್ ಪೋಸ್ಟರ್ ಎಂಬ ಮುದ್ರಣಾಲಯ (1929ರಿಂದ 2010ರವರೆಗೆ ನಡೆಯಿತು) ದಪ್ಪ ಮರದ ಅಚ್ಚುಮೊಳೆಗಳಲ್ಲಿ, ಕಣ್ಣು ಕುಕ್ಕುವ ಗುಲಾಬಿ, ಹಸಿರು, ಕಿತ್ತಳೆ ಶಾಯಿಯಲ್ಲಿ ತಂಡಗಳ ಹೆಸರು ಅಚ್ಚು ಹಾಕುತ್ತಿತ್ತು. ಅವು ವಿದ್ಯುತ್ ಕಂಬಗಳ ಮೇಲೇರುತ್ತಿದ್ದವು. ಹುಬ್ಬಳ್ಳಿ, ಗದಗದ ಗೋಡೆಗಳ ಮೇಲೆ ಕಂಪನಿ ನಾಟಕದ ವಾಲ್‌ಪೋಸ್ಟರ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ: ಓಡುವ ಗಾಡಿಯಿಂದಲೂ ಹೆಸರು, ತಾರೀಖು ಓದಿಸಬೇಕು. ಮಳೆ ಬಂದರೆ ಮುಗಿಯಿತು. ಅಚ್ಚುಮೊಳೆಗಳು 2011ರಲ್ಲಿ ಬಾಲ್ಟಿಮೋರಿನ ಕಲಾ ಕಾಲೇಜು ಸೇರಿದ್ದರಿಂದ ಉಳಿದುಕೊಂಡವು. 2019ರಲ್ಲಿ ಶಾ ಬಡಾವಣೆಯ ಫೋನ್ ಅಂಗಡಿಯೊಂದು ಹೊರಗೆ ಗೋ-ಗೋ ಹಾಕುವುದಕ್ಕೆ ಹೊಸ ನಿವಾಸಿಯೊಬ್ಬರಿಂದ ಆಕ್ಷೇಪ ಬಂದಾಗ ಸಾವಿರಾರು ಜನ ಬೀದಿಗಿಳಿದರು. 2020ರಲ್ಲಿ ಗೋ-ಗೋ ಈ ನಗರದ ಅಧಿಕೃತ ಸಂಗೀತವಾಯಿತು. ಚಕ್ ಬ್ರೌನರ ಕೊನೆಯ ವರ್ಷಗಳನ್ನು ವೇದಿಕೆಯ ಹಿಂದಿನಿಂದ ತೆಗೆದ ಚಿಪ್ ಪೈ ಅವರ ಫೋಟೋ ಪುಸ್ತಕ ಬಂದದ್ದು 2022ರಲ್ಲಿ.

ದಕ್ಷಿಣಕ್ಕೆ ಇಳಿದರೂ ಇದೇ ನಂಟು. ಉತ್ತರ ಕ್ಯಾರೊಲಿನಾದಲ್ಲಿ 1989ರಲ್ಲಿ ಆರಂಭವಾದ ಮರ್ಜ್ ರೆಕಾರ್ಡ್ಸ್ ಕಟ್ಟಿದವರಲ್ಲೊಬ್ಬರಾದ ಲಾರಾ ಬ್ಯಾಲೆನ್ಸ್ ತಮ್ಮ ತಂಡದ ಹೊದಿಕೆಗಳಿಗೆ ತಾವೇ ಚಿತ್ರ ಬರೆದರು. ಅಟ್ಲಾಂಟಾ ಪಕ್ಕದ ಏಥೆನ್ಸಿನ ಆರ್‌.ಇ.ಎಂ. ತಂಡ 1984ರಲ್ಲಿ ಹೊದಿಕೆ ಬರೆಸಿದ್ದು ಹೋವರ್ಡ್ ಫಿನ್‌ಸ್ಟರ್ ಎಂಬ ಮುದಿ ಪಾದ್ರಿಯಿಂದ. ಸೈಕಲ್ ರಿಪೇರಿಯೂ ಅವರ ಕಸುಬಾಗಿತ್ತು.

ವಾಷಿಂಗ್ಟನ್ನಿನ ಸಾರ್ವಜನಿಕ ಗ್ರಂಥಾಲಯ 2014ರಲ್ಲಿ ಪಂಕ್ ಸಂಗ್ರಹ ಆರಂಭಿಸಿತು, ಗೋ-ಗೋಗೂ ಒಂದಿದೆ. ಅಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದು. ಪಂಕ್ ಕರಪತ್ರಗಳಲ್ಲಿ ಒಂದು ತೊಡಕಿದೆ: ವಾರ, ತಾರೀಖು ಇರುತ್ತದೆ, ಇಸವಿ ಇರುವುದಿಲ್ಲ. ನಾಳಿದ್ದಿನ ಕಾರ್ಯಕ್ರಮಕ್ಕೆ ಇಸವಿ ಯಾಕೆ ಬೇಕು?

ನಮ್ಮ ಕನ್ನಡ ಕೂಟಗಳ ಹಳೆಯ ಕರಪತ್ರಗಳೂ ಹೀಗೆಯೇ. ಫೋಟೋಗಳಲ್ಲಿ ಹಾರ ಹಾಕಿಸಿಕೊಂಡ ಮುಖ್ಯ ಅತಿಥಿ ಸ್ಪಷ್ಟವಾಗಿರುತ್ತಾರೆ, ತಬಲಾ ಹಿಡಿದವರು ಅರ್ಧ ಕತ್ತರಿಸಿಹೋಗಿರುತ್ತಾರೆ. ನನ್ನ ಬಳಿ ಇರುವ ಒಂದು ಝೆರಾಕ್ಸ್ ಹಾಳೆಯಲ್ಲಿ 'ಸುಗಮ ಸಂಗೀತ, ಶನಿವಾರ, ಅಕ್ಟೋಬರ್ 12' ಎಂದಷ್ಟೇ ಇದೆ. ಪಂಚಾಂಗ ತಿರುವಿದೆ: 1985, 1991, 1996, 2002, ನಾಲ್ಕೂ ಹೊಂದುತ್ತವೆ. ಆ ಸಂಜೆಯ ಫೋಟೋ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, ಹಾಡಿದವರ ಜೊತೆಗೆ ನುಡಿಸಿದವರ ಹೆಸರನ್ನೂ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು, ದಯವಿಟ್ಟು ಈ ಸಂಚಿಕೆಯ ಸಂಪಾದಕರಿಗೆ ತಲುಪಿಸಿ.