ಕೈಯಿಂದ ಒತ್ತಿದ ಕ್ರಿಸ್ತಜಯಂತಿ ಕಾರ್ಡು, ಕೈಯಿಂದ ಮಡಿಸಿದ ಕಾಣಿಕೆ ಡಬ್ಬಿ



ಆಗಮನ ಕಾಲದ ಮೊದಲ ಭಾನುವಾರದಿಂದ ಕ್ರಿಸ್ತಜಯಂತಿಗೆ ಸಿಗುವುದು ಹೆಚ್ಚೆಂದರೆ 28 ದಿನ, ಕೆಲವು ವರ್ಷ 22 ದಿನವಷ್ಟೇ. ಅಷ್ಟರಲ್ಲಿ ಗೋದಲಿ ಕಟ್ಟಬೇಕು, ಮನೆಗೆ ಸುಣ್ಣ ಬಣ್ಣ ಆಗಬೇಕು, ಮಕ್ಕಳಿಗೆ ಬಟ್ಟೆ ತೆಗೆಯಬೇಕು, ಕಜ್ಜಾಯಕ್ಕೆ ಅಕ್ಕಿ ನೆನೆಹಾಕಬೇಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ನಮ್ಮ ಕುಟುಂಬಗಳಿಗೆ ಇದರ ಜೊತೆಗೆ ಇನ್ನೊಂದು ಲೆಕ್ಕವೂ ಇದೆ. ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಹರಾಜು ನಡೆಯುತ್ತಿರುವಾಗಲೇ ಡಿಸೆಂಬರ್ ಬಂದುಬಿಡುತ್ತದೆ. ಬೇಲು ಒಳ್ಳೆಯ ಬೆಲೆಗೆ ಹೋದ ಮನೆಯಲ್ಲಿ ಹಬ್ಬ ಒಂದು ರೀತಿ, ಹೋಗದ ಮನೆಯಲ್ಲಿ ಇನ್ನೊಂದು ರೀತಿ. ಬೆಲೆ ಸಿಗದ ಮನೆಯವರು ಹಬ್ಬದ ದಿನ ಪೂಜೆಗೆ ಬಂದು, ಪೂಜೆ ಮುಗಿದ ಕೂಡಲೇ ಯಾರೊಂದಿಗೂ ಮಾತನಾಡದೆ ಹೊರಟುಹೋಗುವುದನ್ನು ಪ್ರತಿ ಧರ್ಮಕೇಂದ್ರದ ಗುರುಗಳೂ ಕಂಡಿರುತ್ತಾರೆ. ಕೇಳಿದರೆ, "ಬರಿಗೈಯಲ್ಲಿ ಅಣ್ಣನ ಮನೆಗೆ ಹೇಗೆ ಹೋಗೋದು ಸ್ವಾಮಿ?" ಎನ್ನುತ್ತಾರೆ.

ಈ ಬಾರಿ ನಾನು ಬರೆಯುತ್ತಿರುವುದು ಆ ಬರಿಗೈಗೆ ಮಾಡಲು ಸಾಧ್ಯವಾದ ಒಂದು ಸಣ್ಣ ಕೆಲಸದ ಬಗ್ಗೆ. ಕಾಗದ, ಪೆನ್ಸಿಲ್ ಒರೆಸುವ ರಬ್ಬರು, ಸ್ಟ್ಯಾಂಪ್ ಪ್ಯಾಡು, ಒಂದು ಸಂಜೆ. ಇಷ್ಟಿದ್ದರೆ ಶುಭಾಶಯದ ಕಾರ್ಡನ್ನೂ, ಅಂಗೈ ಮೇಲೆ ಕೂರುವ ಕಾಣಿಕೆ ಡಬ್ಬಿಯನ್ನೂ ಮನೆಯಲ್ಲೇ ಮಾಡಬಹುದು.

ಮೊದಲು ಕಾರ್ಡಿನ ಕಥೆ. ಅಂಗಡಿಯಲ್ಲಿ ಮಾರಿದ ಮೊದಲ ಕ್ರಿಸ್ಮಸ್ ಕಾರ್ಡು 1843ರದು. ಲಂಡನ್ನಿನ ಹೆನ್ರಿ ಕೋಲ್ ಎಂಬುವರಿಗೆ ಬರಬೇಕಾದ ಪತ್ರಗಳೂ ಬಹಳ, ಕೊಡಬೇಕಾದ ಉತ್ತರಗಳೂ ಬಹಳ. ಒಬ್ಬೊಬ್ಬರಿಗೂ ಕೂತು ಬರೆಯಲು ಪುರಸೊತ್ತಿಲ್ಲದೆ ಅವರು ಜಾನ್ ಕ್ಯಾಲ್ಕಾಟ್ ಹಾರ್ಸ್ಲೆ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿ ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿದರು. ಒಂದಕ್ಕೆ ಒಂದು ಶಿಲಿಂಗ್ ಬೆಲೆ. ಆ ಕಾಲದ ಕೂಲಿಯವನಿಗೆ ಅದು ಕೈಗೆಟುಕುವ ಮಾತಲ್ಲ. ಚಿತ್ರದ ನಡುವೆ ಹಬ್ಬದೂಟಕ್ಕೆ ಕುಳಿತ ಕುಟುಂಬ. ಒಂದು ಪಕ್ಕದಲ್ಲಿ ಹಸಿದವರಿಗೆ ಊಟ ಕೊಡುವವರು, ಇನ್ನೊಂದು ಪಕ್ಕದಲ್ಲಿ ಬಟ್ಟೆ ಹೊದಿಸುವವರು. ನಡುವಿನ ಕುಟುಂಬದ ಪುಟ್ಟ ಮಗುವಿನ ಬಾಯಿಗೂ ದ್ರಾಕ್ಷಾರಸದ ಲೋಟ ಹಿಡಿದಿದ್ದಾರೆಂದು ಮದ್ಯವಿರೋಧಿಗಳು ಗಲಾಟೆ ಮಾಡಿದರು. ಆ ಗಲಾಟೆಯೇ ಜನರ ನೆನಪಿನಲ್ಲಿ ಉಳಿಯಿತು, ಪಕ್ಕದ ಎರಡು ಚಿತ್ರಗಳು ಅಷ್ಟಾಗಿ ಉಳಿಯಲಿಲ್ಲ. ನಮಗೆ ಬೇಕಾದ ಸಂಗತಿ ಇನ್ನೊಂದಿದೆ. ಆ ಕಾರ್ಡಿನಲ್ಲಿ ಅಚ್ಚಾಗಿದ್ದದ್ದು ಗೆರೆಗಳು ಮಾತ್ರ, ಬಣ್ಣ ತುಂಬಿದ್ದು ಕೈಯಿಂದ. ನಾವು ಈಗ ಮಾಡಹೊರಟಿರುವುದೂ ಅದನ್ನೇ.

ಇನ್ನು ಅಚ್ಚಿನ ವಿಷಯ. ಅಚ್ಚು ಒತ್ತುವುದು ನಮಗೆ ಹೊಸತಲ್ಲ. ಸಂಕ್ರಾಂತಿಗೆ ಮೈಸೂರು ಸೀಮೆಯ ಮನೆಗಳಲ್ಲಿ ಮರದ ಅಚ್ಚಿನಲ್ಲಿ ಸಕ್ಕರೆ ಗೊಂಬೆ ಎರೆಯುತ್ತಾರೆ. ನಮ್ಮವರು ಕ್ರಿಸ್ಮಸ್ಸಿಗೆ ಅಚ್ಚುಮುರುಕು ಕರಿಯುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಹಾರಾಡುವ ಬಣ್ಣಬಣ್ಣದ ಪ್ರಾರ್ಥನಾ ಬಾವುಟಗಳನ್ನು ನೀವು ನೋಡಿರುತ್ತೀರಿ. ಟಿಬೆಟಿನ ಜನ ಅವುಗಳನ್ನು ಪರಂಪರೆಯಿಂದ ಮರದ ಅಚ್ಚಿನಿಂದಲೇ ಒತ್ತುತ್ತಾ ಬಂದವರು. ಬಲಿಪೂಜೆಯ ಅಪ್ಪದ ಮೇಲಿನ ಶಿಲುಬೆಯ ಗುರುತೂ ಕಬ್ಬಿಣದ ಅಚ್ಚಿನಿಂದ ಮೂಡಿದ್ದು. ರಬ್ಬರಿನ ಸೀಲು ಮಾತ್ರ ಇವರೆಲ್ಲರಿಗಿಂತ ಕಿರಿಯ. ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಎರಡೂ ದೋಷ ಹೋಗುತ್ತವೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಕಚೇರಿಗಳಿಗೆ ರಬ್ಬರ್ ಸೀಲು ಬಂದದ್ದು ಆಮೇಲೆ. ಹಿಂದೆ ಸೀಲು ಮಾಡುವವರು ಸೀಸದ ಅಕ್ಷರಗಳನ್ನು ಜೋಡಿಸಿ, ಅದರಿಂದ ಒಂದು ತಗ್ಗಿನ ಅಚ್ಚು ತೆಗೆದು, ಆ ತಗ್ಗಿಗೆ ರಬ್ಬರ್ ಹಾಳೆಯನ್ನು ಇಟ್ಟು ಬಿಸಿಯಲ್ಲಿ ಒತ್ತುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಬೆಳಕಿಗೆ ಗಟ್ಟಿಯಾಗುವ ದ್ರವದಿಂದ ಸ್ವಲ್ಪ ಹೊತ್ತಿನಲ್ಲೇ ಮಾಡಿಕೊಡುತ್ತಾರೆ.

ಅಂಗಡಿಯಲ್ಲಿ ಸೀಲು ಮಾಡಿಸುವುದಾದರೆ ಒಂದು ಎಚ್ಚರ ಬೇಕು. ಬರಹವನ್ನು ಬಾಯಲ್ಲಿ ಹೇಳಿ ಬರಬೇಡಿ, ಚೀಟಿಯಲ್ಲಿ ಸ್ಪಷ್ಟವಾಗಿ ಬರೆದುಕೊಡಿ, ಮಾಡುವ ಮುಂಚೆ ಪರದೆಯ ಮೇಲೆ ಓದಿ ನೋಡಿ. 'ಶುಭಾಶಯ' ಎಂಬಲ್ಲಿ 'ಶುಭಾಷಯ' ಎಂದು ಕೆತ್ತಿದ ಸೀಲು ನೂರು ಕಾರ್ಡಿನಲ್ಲೂ ಅದೇ ತಪ್ಪನ್ನು ನಿಷ್ಠೆಯಿಂದ ಒತ್ತುತ್ತದೆ. ಒತ್ತಕ್ಷರಗಳು ತೀರ ಸಣ್ಣದಾದರೆ ಶಾಯಿ ತುಂಬಿ ಮುಚ್ಚಿಹೋಗುತ್ತವೆ, ಅಕ್ಷರ ದೊಡ್ಡದಿರಲಿ. ಇಂಥ ಬರಹದ ಸೀಲು ಧರ್ಮಕೇಂದ್ರಕ್ಕೆ ಒಂದಿದ್ದರೆ ಸಾಕು, ಮನೆಮನೆಯವರು ಸರದಿಯ ಮೇಲೆ ಒಯ್ಯಬಹುದು. ಚಿತ್ರಗಳನ್ನು ಮಾತ್ರ ಮನೆಯಲ್ಲೇ ಕೆತ್ತಿ.

ಕೆತ್ತುವುದು ಹೀಗೆ. ದೊಡ್ಡದೊಂದು ಒರೆಸುವ ರಬ್ಬರು ತನ್ನಿ. ತೆಳು ಕಾಗದದ ಮೇಲೆ ಮೆದು ಪೆನ್ಸಿಲಿನಿಂದ ಚಿತ್ರ ಬರೆಯಿರಿ: ನಕ್ಷತ್ರ, ಕುರಿಮರಿ, ತೊಟ್ಟಿಲು, ದೀಪ. ಕಾಗದವನ್ನು ರಬ್ಬರಿನ ಮೇಲೆ ಬೋರಲಾಗಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಪೆನ್ಸಿಲಿನ ಗೆರೆ ರಬ್ಬರಿಗೆ ಹತ್ತುತ್ತದೆ. ಹೀಗೆ ಹತ್ತಿದ್ದು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಕಾಗದಕ್ಕೆ ಒತ್ತಿದಾಗ ಮತ್ತೆ ತಿರುಗಿ ಸರಿಯಾಗುತ್ತದೆ. ಶಿಲುಬೆಗೂ ನಕ್ಷತ್ರಕ್ಕೂ ಈ ಚಿಂತೆ ಇಲ್ಲ, ಅಕ್ಷರಕ್ಕೆ ಮಾತ್ರ ತುಂಬ ಮುಖ್ಯ. ಶಾಯಿ ಹತ್ತಬೇಕಾದ ಭಾಗ ಉಬ್ಬಿ ನಿಲ್ಲುವಂತೆ ಉಳಿದದ್ದನ್ನು ಬ್ಲೇಡಿನಿಂದ ತೆಗೆಯಿರಿ. ಗೆರೆಯ ಪಕ್ಕದಲ್ಲಿ ನೇರ ಕೆಳಗೆ ಕೊಯ್ಯಬೇಡಿ, ಹೊರಮುಖವಾಗಿ ಓರೆಯಾಗಿ ಕೊಯ್ಯಿರಿ. ಆಗ ಉಬ್ಬಿದ ಗೆರೆಯ ಬುಡ ಅಗಲವಾಗಿದ್ದು ಒತ್ತಿದಾಗ ಮುರಿಯುವುದಿಲ್ಲ. ದುಂಡು ಗೆರೆ ಬಂದಾಗ ಬ್ಲೇಡನ್ನು ತಿರುಗಿಸುವ ಬದಲು ರಬ್ಬರನ್ನೇ ನಿಧಾನವಾಗಿ ತಿರುಗಿಸಿ. ಬ್ಲೇಡಿನ ಕೆಲಸ ದೊಡ್ಡವರದು, ಮಕ್ಕಳ ಕೈಗೆ ಕೊಡಬೇಡಿ.

ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಬೆಂಡೆಕಾಯಿ. ಅಡ್ಡಡ್ಡ ಕೊಯ್ದರೆ ಸಾಮಾನ್ಯವಾಗಿ ಐದು ಮೂಲೆಯ ನಕ್ಷತ್ರ ತಾನಾಗಿ ಸಿಗುತ್ತದೆ, ಕೆತ್ತುವ ಶ್ರಮವಿಲ್ಲ. ಹಿಡಿಯಲು ತೊಟ್ಟಿನ ಕಡೆ ಎರಡು ಅಂಗುಲ ಉಳಿಸಿ, ಲೋಳೆ ಒರೆಸಿ ಅರ್ಧ ಗಂಟೆ ಆರಲು ಬಿಡಿ. ಹಸಿಯಾಗಿ ಒತ್ತಿದರೆ ಬಣ್ಣ ಹರಡುತ್ತದೆ. ಸ್ಪಂಜಿನ ಚೂರಿಗೆ ಪೋಸ್ಟರ್ ಬಣ್ಣ ಹಾಕಿ ಅದರ ಮೇಲೆ ಅದ್ದಿ ಒತ್ತಿದರಾಯಿತು. ಎಳೆಯ ಕಾಯಿಯಿಂದ ಪುಟ್ಟ ನಕ್ಷತ್ರ, ಬಲಿತದ್ದರಿಂದ ದೊಡ್ಡದು. ಬಲಿತ ಬೆಂಡೆಕಾಯಿ ಸಾರಿಗೆ ಆಗುವುದಿಲ್ಲವಾದ್ದರಿಂದ ಮನೆಯ ತಾಯಂದಿರೂ ಬೈಯುವುದಿಲ್ಲ.

ಕಾಗದದ ಆಯ್ಕೆಯಲ್ಲಿ ಕೆಲಸದ ಅರ್ಧ ಗೆಲುವಿದೆ. ಸ್ಟ್ಯಾಂಪ್ ಪ್ಯಾಡಿನ ಶಾಯಿ ಬೇಗ ಒಣಗಬಾರದೆಂದು ಅದರಲ್ಲಿ ಗ್ಲಿಸರಿನ್‌ನಂಥ ವಸ್ತು ಬೆರೆಸಿರುತ್ತಾರೆ. ಅದು ಗಾಳಿಗೆ ಆರುವುದಕ್ಕಿಂತ ಹೆಚ್ಚಾಗಿ ಕಾಗದದೊಳಗೆ ಇಂಗಿ ಒಣಗುತ್ತದೆ. ಹೊಳಪಿನ ಕಾಗದಕ್ಕೆ ಒತ್ತಿದರೆ ಇಂಗಲು ದಾರಿಯಿಲ್ಲದೆ ಗಂಟೆಗಟ್ಟಲೆ ಹಸಿಯಾಗಿದ್ದು ಬೆರಳಿಗೆ ಹತ್ತುತ್ತದೆ. ಆದ್ದರಿಂದ ಕಾರ್ಡಿಗೆ ಡ್ರಾಯಿಂಗ್ ಶೀಟು, ಡಬ್ಬಿಗೆ ಹಳೆಯ ಕ್ಯಾಲೆಂಡರಿನ ಬಿಳಿ ಬೆನ್ನು. 22 ಅಂಗುಲಕ್ಕೆ 30 ಅಂಗುಲದ ಒಂದು ಡ್ರಾಯಿಂಗ್ ಶೀಟಿನಲ್ಲಿ 15 ಸೆಂಟಿಮೀಟರಿಗೆ 21 ಸೆಂಟಿಮೀಟರಿನ ಹತ್ತು ತುಂಡು ಬರುತ್ತವೆ. ನಡುವೆ ಮಡಿಸಿದರೆ ಹತ್ತು ಕಾರ್ಡು; ಮಿಕ್ಕ ಉದ್ದ ಪಟ್ಟಿಯಲ್ಲಿ ಡಬ್ಬಿಗೆ ಕಟ್ಟುವ ಹೆಸರಿನ ಚೀಟಿಗಳು. ಕೈಕಾಗದ ಸಿಕ್ಕಿದರೆ ಇನ್ನೂ ಚೆಂದ. 1934ರಲ್ಲಿ ಗಾಂಧೀಜಿಯವರು ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಆರಂಭಿಸಿದಾಗ ಅದನ್ನು ನಡೆಸುವ ಹೊಣೆ ಹೊತ್ತ ಜೆ.ಸಿ. ಕುಮಾರಪ್ಪನವರು ತಂಜಾವೂರಿನ ಕ್ರೈಸ್ತ ಮನೆತನದವರು. ಜೈಪುರದ ಬಳಿಯ ಸಾಂಗಾನೇರಿನಲ್ಲಿರುವ ರಾಷ್ಟ್ರೀಯ ಕೈಕಾಗದ ಸಂಸ್ಥೆಗೆ ಅವರದೇ ಹೆಸರಿಟ್ಟಿದ್ದಾರೆ. ಖಾದಿ ಅಂಗಡಿಯಲ್ಲಿ ಕೈಕಾಗದ ಕಂಡಾಗ ನಮ್ಮ ಮಕ್ಕಳಿಗೆ ಈ ಹೆಸರು ಹೇಳಿ.

ಒತ್ತುವಾಗ ಕಾಗದದ ಕೆಳಗೆ ನಾಲ್ಕು ಪದರ ದಿನಪತ್ರಿಕೆ ಇಡಿ, ಆಗ ಎಲ್ಲ ಕಡೆ ಸಮನಾಗಿ ಮೂಡುತ್ತದೆ. ಸೀಲನ್ನು ಪ್ಯಾಡಿಗೆ ಗುದ್ದಬೇಡಿ, ಎರಡು ಮೂರು ಸಲ ಮೆಲ್ಲಗೆ ತಟ್ಟಿ. ಕಾಗದಕ್ಕೆ ನೇರವಾಗಿ ಇಳಿಸಿ, ಒತ್ತಿ, ನೇರವಾಗಿ ಎತ್ತಿ. ಕಚೇರಿಯ ಗುಮಾಸ್ತರಂತೆ ಆ ಕಡೆ ಈ ಕಡೆ ಅಲುಗಿಸಿದರೆ ಅಂಚಿನಲ್ಲಿ ಜೋಡಿ ಗೆರೆ ಬರುತ್ತದೆ. ಒಣಗಿದ ಮೇಲೆ ಮಕ್ಕಳು ಬಣ್ಣದ ಪೆನ್ಸಿಲಿನಿಂದ ತುಂಬಲಿ. ಗೆರೆ ದಾಟಿದರೆ ದಾಟಲಿ. ಕೆಲವು ಕಡೆ ಇದನ್ನು ಸ್ಪರ್ಧೆ ಮಾಡಿ ಬಹುಮಾನ ಕೊಡುವುದುಂಟು. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಬಹುಮಾನ ಬಾರದ ಕಾರ್ಡನ್ನು ಅಜ್ಜಿಗೆ ಕೊಡಲು ಮಗು ನಾಚುತ್ತದೆ.

ಈಗ ಡಬ್ಬಿ. 20 ಸೆಂಟಿಮೀಟರಿನ ಚೌಕದ ಹಾಳೆಯನ್ನು ಬಿಳಿ ಮೈ ಕೆಳಗಾಗುವಂತೆ ಇಡಿ. ಮೂಲೆಯಿಂದ ಮೂಲೆಗೆ ಎರಡು ಸಲ ಮಡಿಸಿ ಬಿಡಿಸಿದರೆ ನಡುವಿನ ಬಿಂದು ಸಿಗುತ್ತದೆ. ನಾಲ್ಕೂ ಮೂಲೆಗಳನ್ನು ಆ ಬಿಂದುವಿಗೆ ಮಡಿಸಿ. 14 ಸೆಂಟಿಮೀಟರಿನ ಸಣ್ಣ ಚೌಕವಾಯಿತು. ಇದರ ಎದುರುಬದುರಿನ ಎರಡು ಅಂಚನ್ನು ನಡುಗೆರೆಗೆ ಮಡಿಸಿ ಉಗುರಿನಿಂದ ತೀಡಿ ಬಿಡಿಸಿ. ಉಳಿದೆರಡು ಅಂಚಿಗೂ ಹಾಗೆಯೇ. ಈಗ ಎದುರುಬದುರಿನ ಎರಡು ಮೂಲೆಗಳನ್ನು ಪೂರ್ತಿ ಬಿಚ್ಚಿ, ಇನ್ನೆರಡು ಮಡಿಸಿದಂತೆಯೇ ಇರಲಿ. ಮಡಿಸಿದ ಎರಡು ಬದಿಗಳನ್ನು ಗೋಡೆಯಂತೆ ಎತ್ತಿ ನಿಲ್ಲಿಸಿ. ಬಿಚ್ಚಿದ ಚೂಪು ತುದಿಯನ್ನು ಮೇಲೆತ್ತುತ್ತಾ ಅದರ ಎರಡು ಪಕ್ಕದ ಮಡಿಕೆಗಳನ್ನು ಒಳಗೆ ತಳ್ಳಿ, ತುದಿಯನ್ನು ಗೋಡೆಯ ಮೇಲಿಂದ ಒಳಕ್ಕೆ ಹಾಕಿದರೆ ಅದು ತಳದ ನಡುವೆ ಬಂದು ಕೂರುತ್ತದೆ. ಇನ್ನೊಂದು ತುದಿಯೂ ಹಾಗೆಯೇ. ಸುಮಾರು 7 ಸೆಂಟಿಮೀಟರ್ ಅಗಲ, ಮೂರೂವರೆ ಸೆಂಟಿಮೀಟರ್ ಎತ್ತರದ ಡಬ್ಬಿ ಸಿದ್ಧ. ಮುಚ್ಚಳಕ್ಕೆ ಹಾಳೆ ಅರ್ಧ ಸೆಂಟಿಮೀಟರ್ ದೊಡ್ಡದಿರಲಿ. ಅಂಟು ಬೇಕಿಲ್ಲ, ಬೇಕೆನಿಸಿದರೆ ತುದಿಗೆ ಒಂದು ಹನಿ ಮೈದಾ ಅಂಟು ಸಾಕು.

ಮುಚ್ಚಳಕ್ಕೆ ಚಿತ್ರ ಒತ್ತುವುದು ಯಾವಾಗ? ಎಲ್ಲ ಮಡಿಕೆ ತೀಡಿದ ಮೇಲೆ, ನಿಲ್ಲಿಸುವ ಮುಂಚೆ. ಹಾಳೆಯನ್ನು ಪೂರ್ತಿ ಬಿಡಿಸಿ ಬಿಳಿ ಮೈ ಮೇಲೆ ಮಾಡಿದರೆ ನಡುವೆ ಒಂದು ಸಣ್ಣ ಚೌಕ ಓರೆಯಾಗಿ ನಿಂತಿರುವುದು ಕಾಣುತ್ತದೆ. ಅದೇ ಮುಚ್ಚಳದ ನೆತ್ತಿ. ಚಿತ್ರವನ್ನು ಆ ಚೌಕದ ಅಂಚಿಗೆ ಹೊಂದಿಸಿ ಒತ್ತಬೇಕು. ಹಾಳೆಯ ಅಂಚಿಗೆ ಹೊಂದಿಸಿದರೆ ತೊಟ್ಟಿಲು ಡಬ್ಬಿಯ ಮೇಲೆ ವಾಲಿಕೊಂಡಿರುತ್ತದೆ. ಇಷ್ಟೂ ಕಷ್ಟವೆನಿಸಿದವರು ಖಾಲಿ ಬೆಂಕಿಪೊಟ್ಟಣಕ್ಕೆ ಅಚ್ಚೊತ್ತಿದ ಕಾಗದ ಸುತ್ತಬಹುದು. ಒಂದು ಜಪಸರವೋ, ಮಗುವಿಗೆ ನಾಲ್ಕು ನಾಣ್ಯವೋ ಹಿಡಿಸುತ್ತದೆ.

ಡಬ್ಬಿಯಲ್ಲಿ ತಿಂಡಿ ಇಡುವುದಾದರೆ ಕಾಗದಕ್ಕೂ ತಿಂಡಿಗೂ ನಡುವೆ ಬೆಣ್ಣೆಕಾಗದವೋ ಒರೆಸಿದ ಬಾಳೆಲೆಯ ಚೂರೋ ಇರಲೇಬೇಕು. ಸ್ಟ್ಯಾಂಪಿನ ಶಾಯಿ ತಿನ್ನುವಂಥದ್ದಲ್ಲ, ಕ್ಯಾಲೆಂಡರಿನ ಬಣ್ಣವೂ ಅಷ್ಟೇ. ದಿನಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಎಚ್ಚರಿಸಿದೆ. ಕಜ್ಜಾಯದ ಎಣ್ಣೆ ಶಾಯಿಯನ್ನು ಬೇಗ ಹೀರುತ್ತದೆ; ಕಲ್ಕಲ್ಸ್‌ನಂಥ ಒಣ ತಿಂಡಿಯೇ ಈ ಡಬ್ಬಿಗೆ ಸರಿ.

ಒಳಗೆ ಏನು ಬರೆಯುವುದು ಎಂದು ಬಹಳ ಜನ ಕೇಳುತ್ತಾರೆ. ಸೀಲು ಶುಭಾಶಯ ಹೇಳಿಯಾಗಿದೆ, ನೀವು ಅದನ್ನೇ ಮತ್ತೆ ಬರೆಯಬೇಕಿಲ್ಲ. ಆ ಮನೆಯವರಿಗೆ ಮಾತ್ರ ಸಲ್ಲುವ ಒಂದು ಸಾಲು ಬರೆಯಿರಿ: ನಿಮ್ಮ ಬಾವಿಯ ನೀರು ಕುಡಿದು ನಮ್ಮ ಬೇಸಿಗೆ ಕಳೆಯಿತು, ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀವು ಬುತ್ತಿ ತಂದದ್ದು ಮರೆತಿಲ್ಲ, ಹೀಗೆ. ಮೊಬೈಲಿನಲ್ಲಿ ಬೆಳಗಾಗುವ ಮುಂಚೆ ಬರುವ ಶುಭಾಶಯಗಳನ್ನು ನಾನು ಹೀಗಳೆಯುವುದಿಲ್ಲ, ದುಬೈಯಲ್ಲಿರುವ ಮಗನಿಗೆ ಅದೇ ಹತ್ತಿರದ ದಾರಿ. ಆದರೆ ಎಲ್ಲರಿಗೂ ಕಳಿಸಿದ್ದನ್ನೇ ಕಳಿಸುವಲ್ಲಿ ಇಂಥ ಸಾಲಿಗೆ ಜಾಗವಿಲ್ಲ. ವರ್ಷದೊಳಗೆ ಸಾವಾದ ಮನೆಗೆ ಕೆಂಪು ಹಸಿರಿನ ಕಾರ್ಡು ಬೇಡ. ಬಿಳಿ ಹಾಳೆಯಲ್ಲಿ ಒಂದೇ ನಕ್ಷತ್ರ ಒತ್ತಿ, ತೀರಿಕೊಂಡವರ ಹೆಸರು ಬರೆದು ಕೈಯಲ್ಲಿ ಕೊಟ್ಟು ಬನ್ನಿ. ಮಾತು ಬಿಟ್ಟ ದಾಯಾದಿಗಳಿಗೆ ಅಂಚೆಯೇ ಒಳ್ಳೆಯದು. ಬಾಗಿಲಲ್ಲಿ ನಿಂತು ಉತ್ತರ ಕಾಯುವ ಮುಜುಗರ ಇಬ್ಬರಿಗೂ ಇರುವುದಿಲ್ಲ.

ಅಂಚೆಗೆ ಹಾಕುವ ಕಾರ್ಡಿನ ಮೇಲೆ ಮಣಿ, ಗುಂಡಿ, ಅವರೆಕಾಳು ಅಂಟಿಸಬೇಡಿ. ಅಂಚೆ ಕಚೇರಿಯಲ್ಲೂ ಅದರ ಮೇಲೆ ಒಂದು ಠಸ್ಸೆ ಬೀಳುವುದಿದೆ, ಉಬ್ಬು ತಗ್ಗಾದರೆ ಕವರು ಹರಿಯುತ್ತದೆ. ಡಿಸೆಂಬರ್ ಮೊದಲ ವಾರದ ಕೊನೆಗೆ ಹಾಕಿದರೆ ದೂರದ ಊರಿಗೂ ಹಬ್ಬದೊಳಗೆ ಮುಟ್ಟುವ ಭರವಸೆ ಹೆಚ್ಚು.

ಯುವಕ ಯುವತಿಯರು ಹೆಚ್ಚಾಗಿ ಮಾಡಿ ಪೂಜೆಯ ನಂತರ ಮಾರಲು ಇಷ್ಟಪಟ್ಟರೆ ಮಾರಲಿ. ಆದರೆ ಮೊದಲು ಒಂದು ಕಟ್ಟು ಬೇರೆ ಎತ್ತಿಡಿ. ಈ ವರ್ಷ ಬೆಲೆ ಸಿಗದ ಮನೆಗಳು ಯಾವುವೆಂದು ನಿಮ್ಮ ಗುರುಗಳಿಗೂ ಧರ್ಮಭಗಿನಿಯರಿಗೂ ಗೊತ್ತಿರುತ್ತದೆ. ಆ ಮನೆಗಳಿಗೆ ಮಾಡಿದ ಕಾರ್ಡನ್ನು ಒಯ್ಯಬೇಡಿ. ಒಂದು ಡ್ರಾಯಿಂಗ್ ಶೀಟು, ಕೆತ್ತಿದ ಎರಡು ಸೀಲು, ಪ್ಯಾಡು ಒಯ್ದು ಒಂದು ಸಂಜೆ ಅವರ ಜಗುಲಿಯಲ್ಲೇ ಕೂತು ಅವರ ಮಕ್ಕಳ ಜೊತೆ ಒತ್ತಿ. ಹೊರಡುವಾಗ ಪ್ಯಾಡನ್ನು ಮುಚ್ಚಿ ಬೋರಲಾಗಿಟ್ಟು ಬನ್ನಿ, ಶಾಯಿ ಮೇಲಿನ ಮೈಗೆ ಇಳಿದು ಮರುದಿನಕ್ಕೆ ಸಿದ್ಧವಾಗಿರುತ್ತದೆ. ಸೀಲುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸೀಮೆಎಣ್ಣೆ ಹಾಕಿದರೆ ರಬ್ಬರು ಉಬ್ಬಿ ಕೆಡುತ್ತದೆ.