ಹೊಸಬರಿಗೂ ಗರ ಬೀಳಲಿ

ಭಾನುವಾರ ಬೆಳಿಗ್ಗೆ ಕೂತರೆ ದೀಪ ಹಚ್ಚುವ ಹೊತ್ತಿನವರೆಗೂ ಮಣೆಯಾಟ ಆಡುವ ಬಳಗಗಳು ಬೆಂಗಳೂರು, ಮೈಸೂರುಗಳಲ್ಲಿ ಈಗ ಅಪರೂಪವಲ್ಲ. ಕೆಫೆಯ ಮೇಜು, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್, ಯಾರದೋ ಮನೆಯ ನಡುಮನೆ, ಎಲ್ಲಾದರೂ ಆದೀತು. ಕಪಾಟಿನಲ್ಲಿ ಎಷ್ಟು ಆಟದ ಪೆಟ್ಟಿಗೆಗಳಿವೆ ಅನ್ನುವುದರಿಂದ ಆ ದಿನ ಕಳೆಗಟ್ಟುವುದಿಲ್ಲ. ಗೆಳೆಯರ ಜೊತೆ ಮೊದಲ ಸಲ ಬಂದು, ಬಾಗಿಲ ಬಳಿ ಚಪ್ಪಲಿ ಬಿಡುತ್ತಲೇ ‘ನನಗೆ ಇದೆಲ್ಲ ಬರಲ್ಲ, ನೀವಾಡಿ, ನಾನು ನೋಡ್ತೀನಿ’ ಅನ್ನುವವರಿರುತ್ತಾರಲ್ಲ, ಮೊದಲ ಅರ್ಧ ಗಂಟೆಯಲ್ಲಿ ಅವರನ್ನು ಹೇಗೆ ಕೂರಿಸಿಕೊಂಡೆವು ಅನ್ನುವುದರ ಮೇಲೆ ಇಡೀ ದಿನ ನಿಂತಿರುತ್ತದೆ.

ನಮ್ಮ ಬಳಗದಲ್ಲಿ ಮೊದಲು ಹಾಸುವುದು ಚೌಕಾಬಾರ. ಸೀಮೆಸುಣ್ಣವೊಂದಿದ್ದರೆ ನೆಲವೇ ಮಣೆ. ಐದಕ್ಕೈದು, 25 ಮನೆ. ನಾಲ್ಕೂ ಬದಿಯ ನಡುಮನೆಗೆ, ಮಧ್ಯದ ಮನೆಗೆ ಅಡ್ಡಗೀಟು ಎಳೆದರೆ ಕಟ್ಟೆ. ಅಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ. ಬಳೆಚೂರು, ಅಂಗಿಗುಂಡಿ, ಕಡಲೆಕಾಳು, ಕೈಗೆ ಸಿಕ್ಕಿದ್ದೇ ಕಾಯಿ, ಒಬ್ಬೊಬ್ಬರಿಗೆ ನಾಲ್ಕು. ಕವಡೆ ಇಲ್ಲದ ಮನೆಗಳಲ್ಲಿ ಹುಣಸೆ ಬೀಜವನ್ನೇ ಕಲ್ಲಿಗೆ ಉಜ್ಜುತ್ತಾರೆ. ಕಂದು ಸಿಪ್ಪೆ ಸವೆದು ಒಂದು ಮಗ್ಗುಲು ಬೆಳ್ಳಗಾಗುವ ಹೊತ್ತಿಗೆ ಬೀಜ ಬಿಸಿಯೇರಿರುತ್ತದೆ; ಅದನ್ನು ಪಕ್ಕದವರ ಮೊಣಕೈಗೆ ಚುರುಕ್ಕೆನಿಸುವುದು ಮಕ್ಕಳ ಹಳೆಯ ತಂಟೆ. ಹೊಸಬರಿಗೆ ಈ ಉಜ್ಜುವ ಕೆಲಸವನ್ನೇ ಮೊದಲು ಕೊಟ್ಟುಬಿಡುವುದು ಒಳ್ಳೆಯದು. ಕೈಗೊಂದು ಕೆಲಸ ಸಿಕ್ಕಿತೆಂದರೆ ಅರ್ಧ ಸಂಕೋಚ ಅಲ್ಲೇ ಕಳೆಯುತ್ತದೆ.

ಕವಡೆಯ ಲೆಕ್ಕ ನೋಡಿ. ಅಂಗಾತ ಬಿದ್ದವು ಎಷ್ಟೋ ಅಷ್ಟು ಮನೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ. ಎರಡಕ್ಕೂ ಇನ್ನೊಂದು ಗರ ಉಂಟು. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ 16 ಗರದಲ್ಲಿ 6 ಸಲ ಎರಡು, ನಾಲ್ಕು ನಾಲ್ಕು ಸಲ ಒಂದು ಮತ್ತು ಮೂರು, ಒಂದೊಂದೇ ಸಲ ಚೌಕ ಮತ್ತು ಬಾರ ಬೀಳಬೇಕು. ಸರಾಸರಿ ಎರಡೂವರೆ ಮನೆ. ಸ್ವಂತ ಮನೆಯಿಂದ ಹೊರಟ ಕಾಯಿ ಹೊರಸುತ್ತು, ಒಳಸುತ್ತು ದಾಟಿ ನಡುವಿನಲ್ಲಿ ಹಣ್ಣಾಗಲು 24 ಹೆಜ್ಜೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನುವುದು ಬಹಳ ಮನೆಗಳ ಕಟ್ಟಳೆ. ಹೀಗಾಗಿ ಗರ ಎಷ್ಟೇ ಚೆನ್ನಾಗಿ ಬಿದ್ದರೂ ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲೇ ಬಿಡಬೇಕು ಅನ್ನುವುದಕ್ಕೆ ತಲೆ ಓಡಿಸಲೇಬೇಕು. ಪಳಗಿದವರಿಗೆ ಅಲ್ಲೇ ಮೇಲುಗೈ. ಆದರೆ ಬಾರ ಯಾರ ಮಾತೂ ಕೇಳುವುದಿಲ್ಲ. ಗೆಳತಿಯ ಜೊತೆ ಬಂದಿದ್ದ ಹಾಸನದ ಕಡೆಯ ಹುಡುಗಿಯೊಬ್ಬಳು ಮೂಲೆಗೆ ಒತ್ತಿ ಕೂತಿದ್ದವಳು, ಸಾಲಾಗಿ ಎರಡು ಬಾರ ಬಿದ್ದ ಮೇಲೆ ಮಂಡಿಯೂರಿ ಮಣೆಯ ಮೇಲೆ ಬಗ್ಗಿಬಿಟ್ಟಳು. ಕೊನೆಗೆ ಗೆದ್ದವಳು ಅವಳಲ್ಲ. ಆದರೆ ಮುಂದಿನ ಆಟಕ್ಕೆ ‘ನಾನಿದೀನಿ’ ಅಂದವಳು ಅವಳೇ.

ಚದುರಂಗಕ್ಕೆ ಈ ಗುಣವಿಲ್ಲ. ಅದು ದೊಡ್ಡ ಆಟ, ನಿಜ. ಆದರೆ ನಿನ್ನೆ ಕಲಿತವರನ್ನು ಹತ್ತು ವರ್ಷ ಆಡಿದವರ ಎದುರು ಕೂರಿಸಿದರೆ ಆಟವೇ ನಡೆಯುವುದಿಲ್ಲ. ಆಡು ಹುಲಿಯೂ ಹಾಗೆಯೇ. ಮೂರು ಹುಲಿ, ಹದಿನೈದು ಆಡು. ಆಡಿನ ಕಡೆಯವರಿಗೆ ಕೂಡಿ ನಿಲ್ಲುವ ಉಪಾಯ ತಿಳಿಯುವ ಮೊದಲೇ ಅರ್ಧ ಮಂದೆ ಹೋಗಿರುತ್ತದೆ. ಅದನ್ನು ಮಧ್ಯಾಹ್ನಕ್ಕಿಟ್ಟುಕೊಂಡು, ಇಬ್ಬಿಬ್ಬರು ಹೊಸಬರನ್ನು ಸೇರಿಸಿ ಆಡಿನ ಪಕ್ಷ ಕೊಡಬೇಕು.

ಮೈಸೂರಿನಲ್ಲಿ ಈ ಮಾತಾಡುವಾಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೆನೆಯಲೇಬೇಕು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ 1868ರಲ್ಲಿ ತೀರಿಕೊಳ್ಳುವವರೆಗೆ ಅರಮನೆಯನ್ನು ಕಲೆ, ವಿದ್ಯೆಗಳ ಮನೆಯಾಗಿ ಉಳಿಸಿದ ದೊರೆ ಆತ. ಹೊಸ ಹೊಸ ಮಣೆಯಾಟಗಳನ್ನು ಕಟ್ಟಿದರು, ಗಂಜೀಫಾ ಎಲೆಗಳ ಕಟ್ಟುಗಳನ್ನು ಹಿಗ್ಗಿಸಿದರು, ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟುವ ದಾರಿಗಳನ್ನು ಹುಡುಕಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಇವತ್ತು ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನದಲ್ಲಿ ಪಗಡೆ, ಅಳಗುಳಿ ಮಣೆ, ಚೌಕಾಬಾರಗಳನ್ನು ಮತ್ತೆ ಜನರ ಕೈಗಿಟ್ಟಿದೆ. ದೊರೆಯ ಆಟಗಳಲ್ಲಿ ಹಲವು ಬಲು ತೊಡಕಿನವು. ಜನ ಉಳಿಸಿಕೊಂಡದ್ದು ಮಾತ್ರ ನೆಲದ ಮೇಲೆ ಗೀಚಿ ಆಡಬಹುದಾದಂಥವನ್ನು. ಹಂಪಿಯ ಕಲ್ಲುಹಾಸಿನಲ್ಲಿ ಕೊರೆದ ಮಣೆಗಳನ್ನು ನೋಡಿದವರಿಗೆ ಇದು ಎಷ್ಟು ಹಳೆಯ ನಂಟೆಂದು ಗೊತ್ತಿದೆ.

ಆಟ ಮನಸ್ತಾಪಕ್ಕೂ ದಾರಿ ಅನ್ನುವುದನ್ನು ತುಳುನಾಡು ಮರೆತಿಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ ಚೆನ್ನೆಮಣೆ ಹೊರಬರುತ್ತದೆ: ಏಳೇಳರ ಎರಡು ಸಾಲು, 14 ಗುಳಿ. ಆದರೆ ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು ಅನ್ನುವ ನಂಬಿಕೆಯಿದೆ. ಸಿರಿ ಪಾಡ್ದನದ ಅವಳಿಗಳಾದ ಅಬ್ಬಗೆ, ದಾರಗೆ ಚೆನ್ನೆ ಆಡುತ್ತಲೇ ಜಗಳಕ್ಕೆ ಬಿದ್ದು, ಅದೇ ಮಣೆಯ ಏಟಿಗೆ ಒಬ್ಬಳ ಪ್ರಾಣ ಹೋಯಿತು. ಇನ್ನೊಬ್ಬಳು ಬಾವಿಗೆ ಹಾರಿದಳು. ಸೋಲು ಎಷ್ಟು ಆಳಕ್ಕೆ ಇಳಿಯಬಲ್ಲದು ಎಂದು ತಿಳಿದಿದ್ದ ಜನ ಕಟ್ಟಿದ ಕತೆ ಇದು. ಹೊಸಬರು ಸೋತಾಗ ‘ಅಯ್ಯೋ, ಆಟ ತಾನೇ’ ಎಂದು ತೇಲಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಅವರ ಯಾವ ನಡೆ ಚೆನ್ನಾಗಿತ್ತು ಎಂದು ಹೇಳಿದರೆ ಮುಖ ಅರಳುತ್ತದೆ.

ಇನ್ನು ಪೆಟ್ಟಿಗೆಯ ಆಟಗಳು. ಜರ್ಮನಿಯಲ್ಲಿ 1979ರಿಂದಲೂ ವರ್ಷದ ಆಟಕ್ಕೆ ಪ್ರಶಸ್ತಿ ಕೊಡುತ್ತಿದ್ದಾರೆ. ಹಲ್ಲಿನ ತಂತ್ರಜ್ಞರಾಗಿದ್ದ ಕ್ಲಾಸ್ ಟಾಯ್ಬರ್ 1995ರಲ್ಲಿ ಹೊರತಂದ ಕ್ಯಾಟಾನ್ ಲೋಕವನ್ನೇ ಸುತ್ತಿತು. ಅಲ್ಲೂ ದಾಳ ಉಂಟು, ಯಾರೂ ನಡುವೆ ಆಟದಿಂದ ಹೊರಬೀಳುವುದಿಲ್ಲ, ಪರರ ಸರದಿಯಲ್ಲೂ ‘ಇಟ್ಟಿಗೆ ಕೊಡ್ತೀನಿ, ಕುರಿ ಕೊಡ್ತೀರಾ?’ ಎಂಬ ಚೌಕಾಸಿ ನಡೆದೇ ಇರುತ್ತದೆ. ಎಲ್ಲರೂ ಒಂದೇ ಪಕ್ಷವಾಗಿ ರೋಗಗಳ ವಿರುದ್ಧ ಆಡುವ ಪ್ಯಾಂಡೆಮಿಕ್ 2008ರದು. ಸೋತರೆ ಎಲ್ಲರೂ ಸೋತಂತೆ, ಹಾಗಾಗಿ ಹೊಸಬರಿಗೆ ಇದೇ ಸುಲಭ ಅನ್ನಿಸುತ್ತದೆ. ಆದರೆ ಬಲ್ಲವರೊಬ್ಬರು ‘ನೀನು ಇಲ್ಲಿಗೆ ಹೋಗು, ಆ ಕಾರ್ಡು ಹಾಕು’ ಎಂದು ಎಲ್ಲರ ಸರದಿಯನ್ನೂ ತಾವೇ ಆಡಿಬಿಡುವ ಅಪಾಯ ಇದರಲ್ಲೇ ಹೆಚ್ಚು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತೆ ಕೂತವರು ಎರಡನೆಯ ಸಲ ಬರುವುದಿಲ್ಲ.

ನಿಯಮವನ್ನೂ ಒಂದೇ ಉಸಿರಿಗೆ ಒದರಬಾರದು. ಗೆಲ್ಲುವುದು ಹೇಗೆ, ಸರದಿ ಬಂದಾಗ ಏನು ಮಾಡಬೇಕು, ಇಷ್ಟು ಹೇಳಿ ಆಟ ಶುರುಮಾಡಿ, ಉಳಿದದ್ದು ಎದುರಾದಾಗ ಹೇಳಿದರಾಯಿತು. ಒಂದು ಸುತ್ತು ಲೆಕ್ಕಕ್ಕಿಡದೆ ಆಡಿ, ಆಮೇಲೆ ಹೊಸದಾಗಿ ಹಾಸಬಹುದು. ಮೂರು ತಾಸು ಹಿಡಿಯುವ ಭಾರದ ಪೆಟ್ಟಿಗೆಯನ್ನು, ಊಟವಾದ ಮೇಲೆ ಹೊಸಬರೇ ‘ಅದೇನದು, ತೆಗೀರಿ’ ಎಂದು ಕೇಳುವವರೆಗೆ ಕಪಾಟಿನಲ್ಲೇ ಬಿಟ್ಟಿರಿ.