ಸೊಳ್ಳೆಯನ್ನು ನೀರಿನಲ್ಲೇ ತಡೆದ ಕಥೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಹಾರುವ ಸೊಳ್ಳೆಯನ್ನು ಅಟ್ಟಿಸಿಕೊಂಡು ಹೋಗುವುದು ಕಷ್ಟ. ಆದರೆ ಅದರ ಲಾರ್ವಾ, ಅಂದರೆ ಮರಿಹುಳು, ನೀರು ಬಿಟ್ಟು ಎಲ್ಲಿಗೂ ಹೋಗಲಾರದು. ಅದನ್ನು ಅಲ್ಲೇ ತಡೆಯುವ ಪ್ರಯತ್ನಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ.

ತಪ್ಪು ಕಲ್ಪನೆ 1: ಡಿಡಿಟಿ ಬರುವವರೆಗೆ ಸೊಳ್ಳೆಗೆ ಮದ್ದೇ ಇರಲಿಲ್ಲ.

ವಾಸ್ತವ: ಡಿಡಿಟಿ ಕೀಟಗಳನ್ನು ಕೊಲ್ಲುತ್ತದೆಂದು ಗೊತ್ತಾದದ್ದು 1939ರಲ್ಲಿ. ಅದಕ್ಕೂ ಬಹಳ ಮೊದಲು, 1883ರಲ್ಲಿ, ಬೆಂಗಳೂರಿನ ದಂಡಿನಲ್ಲಿದ್ದ ಯುವ ವೈದ್ಯ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಕಿಟಕಿಯಾಚೆಗಿನ ನೀರಿನ ಪೀಪಾಯಿಯಲ್ಲಿ ಮರಿಹುಳುಗಳನ್ನು ಕಂಡು ಅದನ್ನು ಮಗುಚಿ ಹಾಕಿದರು. ಸೊಳ್ಳೆಕಾಟ ಇಳಿಯಿತು. ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಗುರುತಿಸಿದವರೂ ಇವರೇ. 1901ರಲ್ಲಿ ಕ್ಯೂಬಾದ ಹವಾನಾದಲ್ಲಿ ಅಮೆರಿಕದ ಸೇನಾ ವೈದ್ಯ ವಿಲಿಯಂ ಗೋರ್ಗಸ್ ಅವರ ತಂಡ ಮನೆಮನೆಯ ನೀರಿನ ತೊಟ್ಟಿ ಮುಚ್ಚಿಸಿ, ನಿಂತ ನೀರಿಗೆ ಎಣ್ಣೆ ಹಾಕಿ, ಸೊಳ್ಳೆಯಿಂದ ಹರಡುವ ಹಳದಿ ಜ್ವರವನ್ನು ಹತೋಟಿಗೆ ತಂದಿತು.

ತಪ್ಪು ಕಲ್ಪನೆ 2: ಎಣ್ಣೆ ಕೆಲಸ ಮಾಡುವುದು ಬರೀ ವಿಷದಿಂದ.

ವಾಸ್ತವ: ನಿಂತ ನೀರನ್ನು ಬಗ್ಗಿ ನೋಡಿ. ಕ್ಯೂಲೆಕ್ಸ್ ಎಂಬ ಬಗೆಯ ಸೊಳ್ಳೆಯ ಮರಿಹುಳು ತಲೆ ಕೆಳಗಾಗಿ ಜೋತಿರುತ್ತದೆ. ಬಾಲದ ತುದಿಯ ಕೊಳವೆಯನ್ನು ಮಾತ್ರ ಮೇಲ್ಮೈಗೆ ತಾಗಿಸಿ ಉಸಿರಾಡುತ್ತದೆ. ನೆರಳು ಬಿದ್ದರೆ ಕೊಂಕುತ್ತಾ ತಳಕ್ಕಿಳಿಯುತ್ತದೆ, ಉಸಿರಿಗಾಗಿ ಮತ್ತೆ ಮೇಲೆ ಬರಲೇಬೇಕು. ಎಣ್ಣೆಯ ತೆಳುಪೊರೆ ಆ ಉಸಿರಿನ ದಾರಿಯನ್ನೇ ಕಟ್ಟಿಬಿಡುತ್ತದೆ.

ತಪ್ಪು ಕಲ್ಪನೆ 3: ಮರಿಹುಳು ತಿನ್ನುವ ಮೀನನ್ನು ಎಲ್ಲ ನೀರಿಗೂ ಬಿಟ್ಟರೆ ಒಳ್ಳೆಯದೇ.

ವಾಸ್ತವ: 1928ರಲ್ಲಿ ಭಾರತಕ್ಕೆ ಬಂದ ಗ್ಯಾಂಬೂಸಿಯಾ ಮೀನು ಮರಿಹುಳುಗಳ ಜೊತೆಗೆ ಸ್ಥಳೀಯ ಮೀನಿನ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಕರ್ನಾಟಕದ ಹಳ್ಳಿಗಳ ಬಾವಿಗಳಲ್ಲಿ ಮಲೇರಿಯಾ ಸೊಳ್ಳೆಯ ಮರಿಹುಳುಗಳ ವಿರುದ್ಧ ಮೀನು ಫಲ ಕೊಟ್ಟಿದೆ. ಆದರೆ ಕೆರೆ, ಹೊಳೆಗೆ ಹೊರಗಿನ ಮೀನು ಬಿಡುವುದು ತಪ್ಪು.

ತಪ್ಪು ಕಲ್ಪನೆ 4: ಲಾರ್ವಾನಾಶಕವೆಂದರೆ ಎಲ್ಲ ಜೀವಿಗಳಿಗೂ ವಿಷ.

ವಾಸ್ತವ: 1920ರ ದಶಕದಿಂದ ಲಾರ್ವಾನಾಶಕವಾಗಿ ಬಳಕೆಗೆ ಬಂದ ಪ್ಯಾರಿಸ್ ಗ್ರೀನ್‌ನಲ್ಲಿ ಆರ್ಸೆನಿಕ್ ಇತ್ತು, ನಿಜ. ಆದರೆ 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪ್ರೋಟೀನ್ ಹರಳುಗಳು ಮರಿಹುಳುವಿನ ಕರುಳಿನಲ್ಲಿ ಕರಗಿದ ಮೇಲಷ್ಟೇ ವಿಷವಾಗುತ್ತವೆ. ಮನುಷ್ಯರಿಗೆ, ಮೀನು, ಹಕ್ಕಿಗಳಿಗೆ ಅದರಿಂದ ತೊಂದರೆಯಿಲ್ಲ.

ತಪ್ಪು ಕಲ್ಪನೆ 5: ಡ್ರಮ್ಮಿನ ನೀರು ಚೆಲ್ಲಿದರೆ ಮುಗಿಯಿತು.

ವಾಸ್ತವ: ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿನಲ್ಲಿ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತುಂಬಿದೊಡನೆ ಒಡೆಯುತ್ತವೆ. ಆದ್ದರಿಂದ ರಾಸ್ ಮಾಡಿದಂತೆ ಮಗುಚಿದರಷ್ಟೇ ಸಾಲದು. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮುಗಳ ಒಳಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ, ಮತ್ತೆ ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿಡಬೇಕು.